ತೊಡೆಯ ಮೇಲೆ ಗಿಟಾರ್: ಲ್ಯಾಪ್ ಸ್ಟೀಲ್‌ನಲ್ಲಿ ಹಾಡು ನುಡಿಸುವುದು ಹೇಗೆ?

ಗಿಟಾರ್ ನುಡಿಸಿ ರೂಢಿಯಾದ ಎಡಗೈಗೆ ತಂತಿ ಕಂಡರೆ ಒತ್ತಬೇಕು ಅನಿಸುತ್ತದೆ. ಲ್ಯಾಪ್ ಸ್ಟೀಲ್ ಕಲಿಯುವಾಗ ಬಿಡಬೇಕಾದ ಮೊದಲ ಅಭ್ಯಾಸವೇ ಅದು. ಇಲ್ಲಿ ಗಿಟಾರ್ ತೊಡೆಯ ಮೇಲೆ ಮಲಗಿರುತ್ತದೆ. ತಂತಿಗಳು ಫ್ರೆಟ್‌ಗೆ, ಅಂದರೆ ಗಿಟಾರ್‌ನ ಕತ್ತಿನ ಮೇಲಿನ ಅಡ್ಡ ಕಂಬಿಗಳಿಗೆ, ತಾಗದಷ್ಟು ಎತ್ತರದಲ್ಲಿರುತ್ತವೆ. ಅವುಗಳ ಮೇಲೆ ಒಂದು ಉಕ್ಕಿನ ತುಂಡು ಜಾರುತ್ತದೆ. ಅದನ್ನು ಬಾರ್ ಅನ್ನುತ್ತಾರೆ. ಫ್ರೆಟ್ ಬರೀ ಗುರುತಿಗೆ. ಸ್ವರ ಸರಿಯಾಗಿದೆಯೋ ಇಲ್ಲವೋ ಹೇಳುವುದು ನಿಮ್ಮ ಕಿವಿ.

19ನೇ ಶತಮಾನದ ಕೊನೆಗೆ ಹವಾಯಿಯ ಜೋಸೆಫ್ ಕೆಕುಕು ಈ ಪದ್ಧತಿ ಶುರು ಮಾಡಿದರು ಎನ್ನುತ್ತಾರೆ. ನಮ್ಮ ದೇಶದಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲೇ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ತಂತಿಯ ಮೇಲೆ ಗೋಟು ಜಾರಿಸಿ ನುಡಿಸುವ ಗೋಟುವಾದ್ಯ ಕೇಳಿದವರಿಗಂತೂ ಈ ನಾದ ಹೊಸದಲ್ಲ.

ಜುಲೈ ತಿಂಗಳಲ್ಲಿ ಮಡಿಕೇರಿ ಕಡೆ ಕರೆಂಟ್ ನಂಬಿ ಕೂರೋಕಾಗಲ್ಲ. ಹಾಗಾಗಿ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್‌ಗೆ ಈಗಲೇ ದುಡ್ಡು ಹಾಕಬೇಡಿ. ಮನೆಯಲ್ಲಿರುವ ಅಕೌಸ್ಟಿಕ್ ಗಿಟಾರ್ ಸಾಕು. ಬೇಕಾದ್ದು ಎರಡೇ ವಸ್ತು. ಒಂದು, ನಟ್ ಎಕ್ಸ್‌ಟೆಂಡರ್. ಗಿಟಾರ್‌ನ ನಟ್ ಮೇಲೆ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳ ಪಟ್ಟಿಯ ಮೇಲೆ, ಕೂರಿಸಿ ತಂತಿ ಎತ್ತರಿಸುವ ಲೋಹದ ಪಟ್ಟಿ ಅದು. ಇನ್ನೊಂದು ಬಾರ್. ನಾನು ಮೊದಲು ಸ್ಪ್ಯಾನರ್ ಸೆಟ್‌ನ ಸಾಕೆಟ್ ಹಿಡಿದು ನೋಡಿದೆ. ಒಳಗೆ ಟೊಳ್ಳು, ತೂಕ ಸಾಲದು, ತಂತಿ ಜುಂಯ್ ಅನ್ನುತ್ತಿತ್ತು. ಕೊನೆಗೆ ಕಾಫಿ ಪಲ್ಪರ್ ರಿಪೇರಿ ಮಾಡುವ ಲೇತ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ರಾಡ್ ಕತ್ತರಿಸಿ, ಒಂದು ತುದಿ ಗುಂಡಗೆ ಮಾಡಿಸಿ, ಪಾಲಿಶ್ ಹೊಡೆಸಿಕೊಂಡೆ. 20 ಮಿಲಿಮೀಟರ್ ದಪ್ಪ, 75 ಮಿಲಿಮೀಟರ್ ಉದ್ದ. ತೂಕ ಸುಮಾರು 185 ಗ್ರಾಂ. ಆ ಭಾರವೇ ತಂತಿಯನ್ನು ಹಿಡಿಯುತ್ತದೆ. ನೀವು ಒತ್ತುವುದೇ ಬೇಡ.

ಶ್ರುತಿಗೆ ಓಪನ್ ಡಿ ಹಿಡಿಯಿರಿ, ಅಂದರೆ ಬಿಟ್ಟ ತಂತಿಗಳನ್ನು ಮೀಟಿದರೇ ಡಿ ಮೇಜರ್ ಕಾರ್ಡ್ ಬರುವ ಶ್ರುತಿ. ದಪ್ಪ ತಂತಿಯಿಂದ ಶುರು ಮಾಡಿದರೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ದಪ್ಪ ತಂತಿ ಆರನೆಯದು, ತೀರಾ ತೆಳುವಾದದ್ದು ಒಂದನೆಯದು. ಗಿಟಾರ್‌ನ ಮಾಮೂಲಿ ಶ್ರುತಿಯಿಂದ ಆರು, ಎರಡು ಮತ್ತು ಒಂದನೇ ತಂತಿಯನ್ನು ಒಂದೊಂದು ಪೂರ್ಣ ಸ್ವರ ಇಳಿಸಿ. ಮೂರನೆಯದನ್ನು ಅರ್ಧ ಸ್ವರ ಇಳಿಸಿ. ಉಳಿದೆರಡು ಇದ್ದ ಹಾಗೇ ಇರಲಿ. ಎಲ್ಲವೂ ಇಳಿಸುವ ಕೆಲಸವೇ ಆದ್ದರಿಂದ ತಂತಿ ಹರಿಯುವ ಭಯ ಇಲ್ಲ.

ಈಗ ಕೈ. ಹೆಬ್ಬೆರಳು, ನಡುಬೆರಳಿನ ಮಧ್ಯೆ ಬಾರ್, ಅದರ ಮೇಲೆ ತೋರುಬೆರಳು. ಉಂಗುರ ಬೆರಳು, ಕಿರುಬೆರಳು ಬಾರ್‌ನ ಹಿಂದೆ, ಅಂದರೆ ನಿಮ್ಮ ಎಡಕ್ಕೆ, ತಂತಿಯನ್ನು ಹಗುರವಾಗಿ ಸವರುತ್ತಾ ಬರಲಿ. ಅವು ಎದ್ದರೆ ಬಾರ್‌ನ ಹಿಂದೆ ಉಳಿದ ತಂತಿಯ ಭಾಗ ಕಿರಿಕಿರಿ ದನಿ ಮಾಡುತ್ತದೆ.

ಜಾಸ್ತಿ ಜನ ಸೋಲುವುದು ಬಾರ್ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ. ಗಿಟಾರ್‌ನಲ್ಲಿ ಬೆರಳು ಫ್ರೆಟ್‌ನ ಹಿಂದೆ ಕೂರುತ್ತದೆ. ಇಲ್ಲಿ ಬಾರ್ ಫ್ರೆಟ್ ಕಂಬಿಯ ನೇರ ಮೇಲೆ ನಿಲ್ಲಬೇಕು. ಇನ್ನೊಂದು ಮೋಸ ಕಣ್ಣಿನದು. ತಂತಿ ಎತ್ತರದಲ್ಲಿದೆ, ನೀವು ಬಲಗಡೆಯಿಂದ ಓರೆಯಾಗಿ ನೋಡುತ್ತಿದ್ದೀರಿ. ಬಾರ್ ಫ್ರೆಟ್ ಮೇಲಿದ್ದಂತೆ ಕಂಡರೂ ನಿಜಕ್ಕೂ ತುಸು ಬಲಕ್ಕೆ ಇರುತ್ತದೆ, ಸ್ವರ ಏರಿರುತ್ತದೆ. ಗಿಟಾರನ್ನೇ ಬಲಕ್ಕೆ ಸರಿಸಿ, 12ನೇ ಫ್ರೆಟ್ ಮೂಗಿನ ನೇರಕ್ಕೆ ಬರಲಿ. ಫೋನಿನಲ್ಲಿ ಡಿ ಶ್ರುತಿಗೆ ತಂಬೂರಿ ಹಾಕಿಕೊಳ್ಳಿ. ಸ್ವರ ಸೇರಿದ ಕ್ಷಣ ಗಿಟಾರ್‌ನ ಹೊಟ್ಟೆ ತೊಡೆಗೆ ಗುಂಯ್ ಅಂತ ತಾಗುತ್ತದೆ. ಅದು ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ಮೊದಲ ವಾರ ಒಂದನೇ ತಂತಿಯಲ್ಲೇ ಇರಿ. ಬಿಟ್ಟ ತಂತಿ ಷಡ್ಜ. ನಂತರ 2, 4, 5, 7, 9, 11, 12ನೇ ಫ್ರೆಟ್. ಇದೇ ಶಂಕರಾಭರಣದ ಆರೋಹಣ. 5 ಮತ್ತು 11 ಬಿಟ್ಟರೆ ಮೋಹನ.

ಆಮೇಲೆ ಮೋಹನವನ್ನು ನಾಲ್ಕು ತಂತಿಗಳಿಗೆ ಹರಡಿ. 12ನೇ ಫ್ರೆಟ್‌ನಲ್ಲಿ ನಾಲ್ಕನೇ ತಂತಿ ಸ, ಮೂರನೆಯದು ಗ, ಎರಡನೆಯದು ಪ, ಒಂದನೆಯದು ಮೇಲಿನ ಸ. ರಿ ಬೇಕಾದಾಗ ನಾಲ್ಕನೇ ತಂತಿಯಲ್ಲಿ 14ಕ್ಕೆ ಹೋಗಿ. ದ ಬೇಕಾದಾಗ ಎರಡನೇ ತಂತಿಯಲ್ಲಿ 14ಕ್ಕೆ. ಬಾರ್‌ಗೆ ಎರಡೇ ಜಾಗ, ಅಷ್ಟರಲ್ಲಿ ಇಡೀ ರಾಗ ಸಿಗುತ್ತದೆ! ಆದರೆ ತಂತಿ ಬದಲಿಸುವಾಗ ಹಿಂದಿನ ತಂತಿಯನ್ನು ಬಲ ಅಂಗೈಯ ಅಂಚಿನಿಂದ ನಿಲ್ಲಿಸಿ. ಇಲ್ಲದಿದ್ದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಕಂಪನಕ್ಕೆ ಬಾರನ್ನು ಫ್ರೆಟ್‌ನ ಆಚೀಚೆ ಚೂರೇ ಉರುಳಿಸಿದರೆ ಆಯಿತು. ಇದನ್ನು ತಿಂಗಳ ಮಟ್ಟಿಗೆ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ಕಂಪನ ತಪ್ಪು ಸ್ವರವನ್ನು ಮುಚ್ಚಿಬಿಡುತ್ತದೆ.

ಹಾಡು ಆರಿಸುವಾಗ ಬಾಯಲ್ಲಿ ಹೇಳಲು ಬರುವುದನ್ನೇ ಆರಿಸಿ. ಅಮ್ಮ ಹೇಳುತ್ತಿದ್ದ ಜೋಗುಳವಾಗಲಿ, ಮದುವೆ ಮನೆಯ ವಾಲಗದಲ್ಲಿ ಕೇಳಿದ್ದಾಗಲಿ. ಮೊದಲು ಹಾಡಿ. ನಿಮ್ಮ ದನಿ ಎಲ್ಲಿ ಜಾರಿತು, ಎಲ್ಲಿ ನೇರ ಹೋಗಿ ನಿಂತಿತು ನೋಡಿಕೊಳ್ಳಿ. ಬಾರ್ ಕೂಡ ಅಲ್ಲಷ್ಟೇ ಜಾರಲಿ. ಉಳಿದ ಕಡೆ ಬಾರ್ ಹೊಸ ಜಾಗಕ್ಕೆ ಹೋದ ಮೇಲೆ ಮೀಟಿ. ಎಲ್ಲಾ ಸ್ವರಕ್ಕೂ ಜಾರಿಕೊಂಡೇ ಹೋದರೆ ಹಾಡಿನ ಮುಖವೇ ಕಾಣುವುದಿಲ್ಲ, ಅಲ್ವಾ?

ನುಡಿಸಿದ ಮೇಲೆ ತಂತಿ, ಬಾರ್ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ನಮ್ಮ ಮಳೆಯಲ್ಲಿ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಬಾರ್ ಜಾರಿದರೆ ಸ್ವರಕ್ಕಿಂತ ಕರಕರ ಸದ್ದೇ ಜೋರು. ಗಿಟಾರನ್ನು ಗೋಡೆಗೆ ಒರಗಿಸಬೇಡಿ, ಬೂಷ್ಟು ಬರುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಡುಗೆಮನೆಯ ಒಲೆಗೆ ತೀರಾ ಹತ್ತಿರ ಅಲ್ಲದ ಒಣ ಕೋಣೆಯಲ್ಲಿಡಿ.