ಒಂದೇ ಹೊಲ, ಎರಡು ಬಕೆಟ್

ಪುಣೆ ಜಿಲ್ಲೆಯ ದೌಂಡ್ ಹತ್ತಿರ ನಮ್ಮದು ಮೂರೂವರೆ ಎಕರೆ ಕಬ್ಬು. ತಳಿ ಕೋ 86032. ಅಪ್ಪ ಇಂಡಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಮನೆಯಲ್ಲಿ ಕನ್ನಡ, ಹೊಲದಲ್ಲಿ ಮರಾಠಿ. ಮೇಲಿನ ಒಂದೂವರೆ ಎಕರೆ ಗರಸು ನೆಲ, ಒಂದು ಮೊಳ ಅಗೆದರೆ ಮುರುಮ್, ಅಂದರೆ ಕಲ್ಲುಚೂರಿನ ಗಟ್ಟಿ ಪದರ ಸಿಗುತ್ತದೆ. ಕೆಳಗಿನ ಎರಡು ಎಕರೆ ಒಳ್ಳೆ ಆಳದ ಎರೆ.

ಡ್ರಿಪ್ ಹಾಕಿಸಿದ ಮೊದಲ ವರ್ಷ ಎರಡೂ ವಾಲ್ವ್ ಒಟ್ಟಿಗೆ ತೆರೆದು ಎಲ್ಲ ಕಡೆ ಒಂದೇ ಸಮ ಯೂರಿಯಾ ಬಿಟ್ಟೆ. ಮೇಲಿನ ಕಬ್ಬು ಹಳದಿಯಾಯಿತು. ಕೆಳಗಿನದು ಸೊಕ್ಕಿ ಬೆಳೆದು ಮಲಗಿಬಿಟ್ಟಿತು. ಮಲಗಿದ ಕಬ್ಬು ಕಡಿಯುವವರಿಗೂ ಕಷ್ಟ, ಅದರಲ್ಲಿ ಸಕ್ಕರೆಯೂ ಕಡಿಮೆ.

ದೊಡ್ಡ ಹೊಲಗಳಲ್ಲಿ ಸೆಂಟರ್ ಪಿವೋಟ್ ಇರುತ್ತದಲ್ವಾ, ಸುತ್ತುತ್ತಾ ನೀರುಣಿಸುವ ಯಂತ್ರ? ಗೊಬ್ಬರ ಒಂದೇ ವೇಗದಲ್ಲಿ ಹರಿಯುತ್ತಿದ್ದರೆ, ಅದು ನಿಧಾನವಾಗಿ ಸಾಗಿದ ಕಡೆ ಜಾಸ್ತಿ ಬೀಳುತ್ತದೆ. ನಮಗೆ ಆ ಕೆಲಸಕ್ಕೆ ವಾಲ್ವ್ ಸಾಕು. ಒಂದೊಂದೇ ತೆರೆದೆ, ಒಂದೊಂದಕ್ಕೂ ಬೇರೆ ಬಕೆಟ್ ಕಲಸಿದೆ. ಎರೆಗೆ ವಾರಕ್ಕೊಮ್ಮೆ ಎಕರೆಗೆ 8 ಕೆಜಿ ಯೂರಿಯಾ. ಗರಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ 5 ಕೆಜಿ.

ಆದರೂ ಮೇಲಿನ ಹಳದಿ ಪೂರ್ತಿ ಹೋಗಲಿಲ್ಲ. ತಪ್ಪು ಹೊತ್ತಿನದು. ಮೋಟಾರ್ ಹಾಕಿದ ಕೂಡಲೇ ವೆಂಚುರಿ (ಬಕೆಟ್ಟಿನ ಗೊಬ್ಬರವನ್ನು ಪೈಪಿಗೆ ಎಳೆಯುವ ಸಾಧನ) ತೆರೆಯುತ್ತಿದ್ದೆ, ಆಮೇಲೆ ಎರಡು ತಾಸು ಬರೀ ನೀರು. ಯೂರಿಯಾ ನೀರಿನ ಜೊತೆಗೇ ಇಳಿಯುವ ಗೊಬ್ಬರ. ಗರಸಿನಲ್ಲಿ ಅದು ಬೇರು ದಾಟಿ ಹೋಗುತ್ತಿತ್ತು.

ಹಾಗಾದರೆ ಗೊಬ್ಬರ ಕೊನೆಯಲ್ಲಿ ಬಿಡಬೇಕು. ಎಷ್ಟು ಕೊನೆಯಲ್ಲಿ? ತಿಳಿಯಲು ಚಿಕ್ಕದೊಂದು ಇಸಿ ಮೀಟರ್ ತಂದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ (ಇಸಿ) ಎಂದು ಅದು ತೋರಿಸುತ್ತದೆ. ಯೂರಿಯಾ ಬಿಟ್ಟು, ಅದು ಯಾವಾಗ ಬರುತ್ತದೆ ಎಂದು ನೋಡಲು ಕೊನೆಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಕೂತೆ. ಅರ್ಧ ತಾಸಾದರೂ ಮೀಟರ್ ಅಲುಗಲಿಲ್ಲ. ಲ್ಯಾಟರಲ್ (ಡ್ರಿಪ್ಪರ್ ಇರುವ ಸಾಲಿನ ಪೈಪ್) ಕಟ್ಟಿಕೊಂಡಿದೆ ಅಂತ ಸುಮ್ನೆ ಬಿಚ್ಚಿ ನೋಡಿದೆ. ಏನೂ ಆಗಿರಲಿಲ್ಲ. ಯೂರಿಯಾ ಕರಗಿದರೂ ನೀರಿನ ಇಸಿ ಏರುವುದಿಲ್ಲ, ಲವಣದ ಗೊಬ್ಬರಕ್ಕೆ ಮಾತ್ರ ಏರುತ್ತದೆ ಎಂದು ಆಗ ಗೊತ್ತಾಯಿತು. ಮರುದಿನ ಲವಣದ ಗೊಬ್ಬರವಾದ 0:0:50 ಪೊಟ್ಯಾಷ್ ಬಿಟ್ಟೆ. 14ನೇ ನಿಮಿಷಕ್ಕೆ ಅಂಕಿ ಏರಿತು! ವೆಂಚುರಿ ಮುಚ್ಚಿದ ಮೇಲೆ ಮೊದಲಿನ ಅಂಕಿಗೆ ಇಳಿಯಲು 22 ನಿಮಿಷ ಹಿಡಿಯಿತು.

ಈಗ ಗರಸಿಗೆ ಮೊದಲು ಬರೀ ನೀರು, ಆಮೇಲೆ ಗೊಬ್ಬರ, ಕೊನೆಗೆ 25 ನಿಮಿಷ ಪೈಪ್ ತೊಳೆಯುವಷ್ಟು ನೀರು, ಮೋಟಾರ್ ಬಂದ್. ಬೇಗ ನಿಲ್ಲಿಸಿದರೆ ಗೊಬ್ಬರ ಪೈಪಿನಲ್ಲೇ ಉಳಿಯುತ್ತದೆ. ಈ ವರ್ಷ ಮೇಲಿನ ಎಲೆಯೂ ಕೆಳಗಿನಷ್ಟೇ ಹಸಿರಾಗಿದೆ.

ಪೈಪಿನ ಉದ್ದ, ಒತ್ತಡ ಬದಲಾದರೆ ಈ ನಿಮಿಷಗಳೂ ಬದಲಾಗುತ್ತವೆ. ಹೋದ ತಿಂಗಳು ಮೇಲೆ ನಾಲ್ಕು ಸಾಲು ಲ್ಯಾಟರಲ್ ಸೇರಿಸಿದ್ದೇನೆ. ನಾಳೆ ಮತ್ತೆ ಲೋಟ ಹಿಡಿದು ಕೂರಬೇಕು.