ಟ್ರೋಪೋನಿನ್‌ಗೆ ಮೊದಲು ಗಡಿಯಾರ

ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ನನಗೆ ಡ್ಯೂಟಿ. ಇಲ್ಲಿ ಎದೆನೋವು ಅಂತ ಬರುವವರು ಕಡಿಮೆ, 'ಗ್ಯಾಸ್' ಅಂತ ಬರುವವರೇ ಜಾಸ್ತಿ. ಅಷ್ಟರಲ್ಲಿ ಜೀರಿಗೆ ಕಷಾಯ, ಸೋಡಾ ಎಲ್ಲ ಮುಗಿದಿರುತ್ತದೆ.

ಬಂದ 10 ನಿಮಿಷದೊಳಗೆ ಇಸಿಜಿ. ಅದರ ಗೆರೆಯಲ್ಲಿ ಎಸ್‌ಟಿ ಅನ್ನುವ ಭಾಗ ಮೇಲೆದ್ದಿದ್ದರೆ ಅದು ಹೃದಯಾಘಾತದ ಗುರುತು, ರಕ್ತಪರೀಕ್ಷೆಗೆ ಕಾಯುವ ಮಾತೇ ಇಲ್ಲ. ಆಸ್ಪಿರಿನ್ ಜಗಿಸಿ, ಮಂಗಳೂರಿಗೆ ಫೋನ್ ಮಾಡಿ, ಆಂಬುಲೆನ್ಸ್ ಹತ್ತಿಸುವುದು. ಕಷ್ಟ ಇರುವುದು ಇಸಿಜಿ ಸರಿಯಾಗಿಯೇ ಕಾಣುವವರದ್ದು. ಟ್ರೋಪೋನಿನ್, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೇರುವ ಪ್ರೋಟೀನಿನ ಪರೀಕ್ಷೆ, ಬೇಕಾಗುವುದು ಅವರಿಗೆ.

ಸೂಜಿ ಚುಚ್ಚುವ ಮೊದಲು ನೋವು ಶುರುವಾದ ಹೊತ್ತು ಕೇಳುತ್ತೇನೆ. ಗಂಟೆ ಹೇಳುವವರು ಅಪರೂಪ. 'ಅಡಿಕೆ ಸುಲಿಯುವಾಗ', 'ಸಂಜೆ ಬಾಂಗ್ ಆದ ಮೇಲೆ' ಅನ್ನುತ್ತಾರೆ. ಮನೆಯವರನ್ನೂ ಕೇಳಿ, ಅದನ್ನು ಗಂಟೆಗೆ ತಿರುಗಿಸಿ ಕೇಸ್ ಶೀಟಿನ ಮೇಲ್ಗಡೆ ಬರೆಯುತ್ತೇನೆ. ಕೆಳಗೆ ರಕ್ತ ತೆಗೆದ ಹೊತ್ತು. ಈ ಎರಡು ಇಲ್ಲದ ರಿಪೋರ್ಟ್ ನನಗೆ ಅರ್ಧ ರಿಪೋರ್ಟ್. ಹೃದಯದ ಸ್ನಾಯುವಿಗೆ ಪೆಟ್ಟಾದ ಕೂಡಲೇ ಟ್ರೋಪೋನಿನ್ ರಕ್ತದಲ್ಲಿ ಕಾಣುವುದಿಲ್ಲ. ನಮ್ಮಲ್ಲಿರುವುದು ರಕ್ತ ಹಾಕಿ ಗೆರೆ ನೋಡುವ ಕಾರ್ಡ್ ಟೆಸ್ಟ್; ಅದರಲ್ಲಿ ಗೆರೆ ಮೂಡಲು ನೋವು ಶುರುವಾಗಿ 4–6 ಗಂಟೆ ಆಗಬೇಕಾದೀತು.

ಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುತ್ತೇನೆ. ಮೊದಲ ಗೆರೆ ಟೆಸ್ಟ್ ಸರಿಯಾಗಿ ನಡೆದದ್ದಕ್ಕೆ; ಎರಡನೇ ಗೆರೆ ಎಷ್ಟೇ ಮಸುಕಾಗಿರಲಿ, ಅದು ಪಾಸಿಟಿವ್ವೇ. ಕಿಟ್ ಹೇಳಿದ ಹೊತ್ತು ಮೀರಿ ಮೂಡಿದ ಗೆರೆಯನ್ನು ಮಾತ್ರ ನಂಬುವುದಿಲ್ಲ.

ನೆಗೆಟಿವ್ ಬಂದಾಗಲೇ ನಿಜವಾದ ಜಗಳ. 'ಎಂತ ಇಲ್ಲ ಅಲ್ವಾ ಡಾಕ್ಟ್ರೇ, ಹೋಗ್ತೇವೆ' ಅಂತ ಚಪ್ಪಲಿ ಹುಡುಕಲು ಶುರು. ನೋವು ಬಂದು ಎರಡೇ ಗಂಟೆ ಆಗಿದ್ದರೆ ಆ ನೆಗೆಟಿವ್‌ಗೆ ಬೆಲೆಯೇ ಇಲ್ಲ. ದೊಡ್ಡ ಆಸ್ಪತ್ರೆಗಳ, ತೀರಾ ಸಣ್ಣ ಪ್ರಮಾಣವನ್ನೂ ಹಿಡಿಯುವ ಹೈ ಸೆನ್ಸಿಟಿವಿಟಿ ಯಂತ್ರದಲ್ಲಾದರೆ 1–2 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದರೆ ಹೆಚ್ಚಿನವರದ್ದು ಗೊತ್ತಾಗುತ್ತದೆ. ನಮ್ಮಲ್ಲಿ ಹಾಗಲ್ಲ. ನೋವು ಶುರುವಾಗಿ ಆರು ಗಂಟೆಯಾದರೂ ದಾಟಿದ ಮೇಲೆ ಮತ್ತೊಂದು ಕಾರ್ಡ್, ನಡುವೆ ಇಸಿಜಿ. ನೋವು ಮತ್ತೆ ಬಂದರೆ ಅದಕ್ಕೂ ಕಾಯದೆ ಮಂಗಳೂರಿಗೆ ಕಳಿಸುತ್ತೇನೆ.

ಡಯಾಲಿಸಿಸ್‌ನವರಲ್ಲಿ ಅನೇಕರಿಗೆ ಟ್ರೋಪೋನಿನ್ ಮೊದಲಿನಿಂದಲೇ ಸ್ವಲ್ಪ ಜಾಸ್ತಿ ಇರುತ್ತದೆ. ಅಲ್ಲಿ ಏರುತ್ತಿದೆಯೋ ಅಂತ ನೋಡಬೇಕು, ಅದಕ್ಕೆ ಕಾರ್ಡ್ ಸಾಲದು, ಲ್ಯಾಬಿನ ಸಂಖ್ಯೆಯೇ ಬೇಕು. ಹಾಗೆ ತರಿಸಿದ ಸಂಖ್ಯೆಯನ್ನು ರೆಫರಲ್ ಚೀಟಿಯಲ್ಲಿ ಸುಮ್ನೆ ಬರೆಯುವುದಿಲ್ಲ. ಮಿಲಿಲೀಟರಿಗೆ 0.04 ನ್ಯಾನೋಗ್ರಾಂ ಅಂದರೂ ಲೀಟರಿಗೆ 40 ನ್ಯಾನೋಗ್ರಾಂ ಅಂದರೂ ಒಂದೇ. ಅಳತೆಯ ಮಾನ ಬರೆಯದೆ ಬಿಟ್ಟರೆ ಅಲ್ಲಿನವರು ಸಾವಿರ ಪಟ್ಟು ತಪ್ಪು ಓದಬಹುದು. ಟ್ರೋಪೋನಿನ್‌ನಲ್ಲಿ ಅಳೆಯುವುದು ಐ ಮತ್ತು ಟಿ ಅಂತ ಎರಡು ಬಗೆ; ಐ ಸಂಖ್ಯೆಯನ್ನು ಟಿ ಜೊತೆ ಹೋಲಿಸಲೂ ಆಗದು. ಹಾಗಾಗಿ ಯಾವುದು ಅಂತಲೂ ಬರೆದು, ಲ್ಯಾಬ್ ರಿಪೋರ್ಟಿನ ಫೋಟೋವನ್ನು ವಾಟ್ಸಾಪ್ ಮಾಡುತ್ತೇನೆ.