ಹವಳ ಮುದುಡಿಕೊಂಡಿದೆಯಾ? ಔಷಧಿಗಿಂತ ಮೊದಲು ಮೀಟರ್ ನೋಡಿ

ಲೈಟ್ ಹತ್ತಿ ಎರಡು ಗಂಟೆಯಾದರೂ ಆ ದಿನ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕಿದ ನನ್ನ ಹ್ಯಾಮರ್ ಹವಳ ಅರಳಲಿಲ್ಲ. ಬೇರೆ ದಿನ ಇಷ್ಟು ಹೊತ್ತಿಗೆ ಅದರ ಎಳೆಗಳು ಉಬ್ಬಿ, ತುದಿಯ ಸುತ್ತಿಗೆಯಂಥ ಗಂಟುಗಳು ನೀರಿನಲ್ಲಿ ತೂಗಾಡುತ್ತಿರುತ್ತಿದ್ದವು. ಅವತ್ತು ಮಾಂಸವೆಲ್ಲ ಒಳಗೆ ಸೇರಿಕೊಂಡು, ಅಂಚಿನ ಬಿಳಿ ಸುಣ್ಣದ ಗೂಡು ಗರಗಸದ ಹಲ್ಲಿನ ಹಾಗೆ ಎದ್ದು ಕಾಣುತ್ತಿತ್ತು. ಗಾಬರಿಯಲ್ಲಿ ಒಂದೇ ದಿನ ನೀರು ಬದಲಾಯಿಸಿದೆ, ಲೈಟ್ ತಗ್ಗಿಸಿದೆ, ಹವಳವನ್ನು ಕೆಳಗೆ ಇಟ್ಟೆ, ನೀರಿನ ಕಾರ್ಬೊನೇಟ್ ಅಂಶ, ಅಂದರೆ ಆಲ್ಕಲಿನಿಟಿ, ಹೆಚ್ಚಿಸುವ ಪುಡಿಯನ್ನೂ ಹಾಕಿದೆ. ಮರುದಿನ ಇನ್ನೆರಡು ಹವಳ ಮುದುಡಿದವು. ಯಾವುದರಿಂದ ಹೀಗಾಯಿತು ಎಂದು ಹೇಳುವುದಕ್ಕೆ ದಾರಿಯೇ ಇರಲಿಲ್ಲ.

ತಪ್ಪು ಇದ್ದದ್ದು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ. ಅದು 35 ತೋರಿಸುತ್ತಿತ್ತು, ನಿಜವಾದ ಉಪ್ಪಿನಂಶ 39 ಪಿಪಿಟಿ (ಸಾವಿರದಲ್ಲಿ ಇಷ್ಟು ಭಾಗ) ಇತ್ತು. ನಾನು ಬದಲಾಯಿಸಿದ ಹೊಸ ನೀರನ್ನೂ ಅದೇ ಮೀಟರಿನಲ್ಲಿ ಅಳೆದಿದ್ದೆ. ಹಾಗಾಗಿ ಎಷ್ಟು ಬದಲಾಯಿಸಿದರೂ ಅದೇ ಉಪ್ಪು. ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರವ ಸಿಗುತ್ತದೆ, ಅದರಲ್ಲೇ ಹೊಂದಿಸಿ. ಉಪ್ಪು ಜಾಸ್ತಿ ಎಂದು ಗೊತ್ತಾದರೆ ದಿನಕ್ಕೆ ಸುಮಾರು 1 ಪಿಪಿಟಿಯಷ್ಟು ಮಾತ್ರ ಇಳಿಸಿ. 39ರಲ್ಲಿದ್ದ ನೂರು ಲೀಟರ್ ನೀರಿಗೆ ನಾನು ಮಾಡಿದ್ದು ಇಷ್ಟೇ: ದಿನಕ್ಕೆ ಎರಡೂವರೆ ಲೀಟರ್ ಉಪ್ಪುನೀರು ತೆಗೆದು, ಅಷ್ಟೇ ಶುದ್ಧ ಆರ್‌ಒ ನೀರನ್ನು ನಿಧಾನವಾಗಿ ಸೇರಿಸಿದೆ.

ಉಷ್ಣತೆಗೂ ಇದೇ ಮಾತು. ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಬೇರೆ ಥರ್ಮಾಮೀಟರ್ ಇಡಿ. 25ರಿಂದ 26 ಡಿಗ್ರಿ ಸೆಲ್ಸಿಯಸ್ ಆರಾಮ. ಮಧ್ಯಾಹ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡಿ.

ಆಮೇಲೆ ಆಲ್ಕಲಿನಿಟಿ. ನನ್ನ ಅನುಭವದಲ್ಲಿ ಗಟ್ಟಿ ಹವಳಗಳನ್ನು ಜಾಸ್ತಿ ಕಾಡುವುದು ಇದರ ಏರಿಳಿತವೇ. ಹವಳ ತನ್ನ ಗೂಡು ಕಟ್ಟಲು ಕ್ಯಾಲ್ಸಿಯಂ ಜೊತೆ ಇದನ್ನೂ ನೀರಿನಿಂದಲೇ ಎಳೆದುಕೊಳ್ಳುತ್ತದೆ. 8ರಿಂದ 9 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇದ್ದರೆ ಸಾಕು. ಆದರೆ 7ರಲ್ಲೇ ಸ್ಥಿರವಾಗಿ ನಿಂತ ಟ್ಯಾಂಕ್, ಇವತ್ತು 7 ನಾಳೆ 10 ಎಂದು ಕುಣಿಯುವ ಟ್ಯಾಂಕಿಗಿಂತ ಎಷ್ಟೋ ಮೇಲು. ಕಡಿಮೆಯಾಗಿದ್ದರೂ ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಟೆಸ್ಟ್ ಕಿಟ್‌ನ ಅವಧಿ ಮುಗಿದಿದೆಯಾ ಎಂದೂ ನೋಡಿಕೊಳ್ಳಿ.

ನೀರೆಲ್ಲ ಸರಿಯಿದ್ದರೆ ಈಗ ಹವಳವನ್ನೇ ಹತ್ತಿರದಿಂದ ನೋಡಿ. ಬಿಳಿ ಎಂದರೆ ಎರಡು ಬಗೆ. ಬಣ್ಣ ಹೋಗಿದೆ, ಆದರೆ ತೆಳ್ಳನೆಯ ಮಾಂಸ ಇನ್ನೂ ಇದೆ, ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಇಣುಕುತ್ತಿವೆ ಎಂದರೆ ಅದು ಬಿಳಿಚಿಕೊಂಡಿದೆ. ಒಳಗೆ ವಾಸವಿದ್ದು ಊಟ ಕೊಡುತ್ತಿದ್ದ ಸೂಕ್ಷ್ಮ ಪಾಚಿ ಹೊರಟುಹೋಗಿದೆ ಅಷ್ಟೇ, ಹವಳ ಬದುಕಿದೆ. ಬಿಸಿ ಏರಿದ್ದು, ಹೊಸ ಲೈಟ್ ಜೋರಾಗಿದ್ದು ಸಾಮಾನ್ಯ ಕಾರಣಗಳು. ಲೈಟ್ ತಗ್ಗಿಸಿ, ವಾರಗಟ್ಟಲೆ ಸಮಯ ಕೊಟ್ಟು ಮೆಲ್ಲಗೆ ಏರಿಸಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದರೂ ಹವಳ ಪೇಲವವಾಗುತ್ತದೆ. ನೀರು ಶುದ್ಧವಾಗಿದೆ ಎಂದು ನಾವು ಖುಷಿಪಡುತ್ತಿರುತ್ತೇವೆ, ಅದು ಹಸಿದಿರುತ್ತದೆ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಬಣ್ಣದ ಹವಳ ಕಂದು ಬಣ್ಣಕ್ಕೆ ತಿರುಗಿದರೆ ಸಾಮಾನ್ಯವಾಗಿ ಇದರ ಉಲ್ಟಾ: ಪೋಷಕಾಂಶ ಜಾಸ್ತಿ ಅಥವಾ ಬೆಳಕು ಕಡಿಮೆ.

ಮಾಂಸವೇ ಕಿತ್ತುಬಂದು ಬರೀ ಗೂಡು ಉಳಿಯುತ್ತಿದ್ದರೆ ವಿಷಯ ಬೇರೆ. ಗಂಟೆಗಳಲ್ಲಿ ಹರಡುತ್ತಿದ್ದರೆ ಕಾಯಬೇಡಿ. ಸತ್ತ ಭಾಗದಿಂದ ಸ್ವಲ್ಪ ದೂರದಲ್ಲಿ, ಚೆನ್ನಾಗಿರುವ ತುದಿಗಳನ್ನು ಕತ್ತರಿಸಿ ಬೇರೆ ಕಡೆ ಇಡಿ. ಹ್ಯಾಮರ್, ಟಾರ್ಚ್ ಜಾತಿಯ ಹವಳಗಳ ಮೇಲೆ ಕಂದು ಲೋಳೆ ಕಂಡರೆ ಮೊದಲು ಪಂಪ್ ಆಫ್ ಮಾಡಿ, ಲೋಳೆ ಹಾರಿ ಪಕ್ಕದ ಹವಳಕ್ಕೆ ಬೀಳಬಾರದು. ಸಣ್ಣ ಪೈಪಿನಿಂದ ಅದನ್ನು ಹೊರಗೆ ಎಳೆದು, ಕೊಳೆತ ತಲೆ ಕತ್ತರಿಸಿ, ಉಳಿದದ್ದನ್ನು ಅಯೋಡಿನ್ ಡಿಪ್‌ನಲ್ಲಿ (ಹವಳ ಅದ್ದುವ ದ್ರವ) ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಮಾತ್ರ ಅದ್ದಿ.

ರಾತ್ರಿ ಲೈಟ್ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್ ಲೈಟ್ ಹಿಡಿದು ಕೂತು ನೋಡಿ. ಹಗಲಲ್ಲಿ ಸುಮ್ನೆ ಇದ್ದ ಹವಳ ರಾತ್ರಿ ಉದ್ದದ ಎಳೆ ಚಾಚಿ ಪಕ್ಕದ್ದನ್ನು ಕುಟುಕುತ್ತಿರಬಹುದು. ಹದಿನೈದು ಸೆಂಟಿಮೀಟರ್ ಅಂತರ ಇದ್ದರೆ ಒಳ್ಳೆಯದು. ಮಾಂಟಿಪೋರಾ ಎಂಬ ಹವಳದ ಅಡಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ನ್ಯುಡಿಬ್ರಾಂಕ್ (ಹವಳ ತಿನ್ನುವ, ಚಿಪ್ಪಿಲ್ಲದ ಕಡಲ ಬಸವನಹುಳು) ಸಿಗುವುದೂ ಇಂಥ ಹೊತ್ತಲ್ಲೇ. ಡಿಪ್ ಅದರ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಮೊಟ್ಟೆ ಕೆರೆದು ತೆಗೆಯಬೇಕು, ವಾರ ಬಿಟ್ಟು ಮತ್ತೆ ಅದ್ದಬೇಕು.

ಲೆದರ್ ಹವಳ ಮುಚ್ಚಿಕೊಂಡು ಮೇಣದಂಥ ಪೊರೆ ಬಿಟ್ಟರೆ ಗಾಬರಿ ಬೇಡ. ಪೊರೆ ಕಳಚುವುದು ಅದರ ಸ್ವಭಾವ. ನೀರಿನ ಓಟ ಸ್ವಲ್ಪ ಜಾಸ್ತಿ ಮಾಡಿ, ಕೆಲವು ದಿನ ಬಿಡಿ.

ಜೋವಾಂಥಿಡ್ ಎಂಬ ಹವಳದಂಥ ಜೀವಿಯನ್ನು ಮುಟ್ಟುವಾಗ ಮಾತ್ರ ಗ್ಲೌಸ್, ಕನ್ನಡಕ ಎರಡೂ ಕಡ್ಡಾಯ. ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಆವಿ ಉಸಿರಿಗೆ ಹೋದರೆ ಜೀವಕ್ಕೇ ಅಪಾಯ. ಮೀನಿಗೆ ಕೊಡುವ ತಾಮ್ರದ ಔಷಧಿಯೂ ಹವಳದ ಟ್ಯಾಂಕಿಗೆ ಬೇಡ.

ಉಪ್ಪು ಸರಿಯಾದ ಮೇಲೆ ನಾನು ಬೇರೇನನ್ನೂ ಮುಟ್ಟಲಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ ಫೋಟೋ ತೆಗೆದೆ. ಒಂಬತ್ತನೇ ದಿನ ಹ್ಯಾಮರ್‌ನ ಒಂದು ತಲೆ ಉಗುರಿನಷ್ಟು ಹೊರಗೆ ಬಂತು. ನಾಲ್ಕರಲ್ಲಿ ಮೂರು ತಲೆ ಉಳಿದವು. ನಾಲ್ಕನೆಯದನ್ನು ಬುಡದಲ್ಲಿ ಕತ್ತರಿಸಿ ತೆಗೆದೆ, ಅದಕ್ಕೆ ಪಾಚಿ ಹಿಡಿದು ಪಕ್ಕದ ಮಾಂಸಕ್ಕೆ ಉಜ್ಜಬಾರದು ಅಂತ.